ಮೇನರ್‌ನ ರೈತ ಗುಲಾಮನಾಗಿದ್ದನೇ? ಮಧ್ಯಯುಗದ ಇಂಗ್ಲೆಂಡಿನ ಊಳಿಗಮಾನ್ಯ ಬದುಕು

ಪ್ರಶ್ನೆ: ನಾನು ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತೇನೆ. ಯುರೋಪಿನ ಊಳಿಗಮಾನ್ಯ ಪದ್ಧತಿಯನ್ನು ಕಲಿಸುವಾಗ ಮೇಲೆ ರಾಜ, ಅವನ ಕೆಳಗೆ ಸಾಮಂತರು, ಅವರ ಕೆಳಗೆ ನೈಟ್‌ಗಳು, ತಳದಲ್ಲಿ ಸರ್ಫ್ ಎನಿಸಿಕೊಂಡ ರೈತರು ಎಂದು ಗೋಪುರದ ಚಿತ್ರ ಬರೆಯುತ್ತೇನೆ. ಮಕ್ಕಳು ಕೇಳುವುದೆಲ್ಲ ತಳದವನ ಬಗ್ಗೆಯೇ. ಅವನು ಗುಲಾಮನೇ? ನಮ್ಮ ಕಡೆಯ ಜೀತದಾಳಿನಂಥವನೇ? ಅಷ್ಟು ಕಷ್ಟವಿದ್ದರೆ ಊರು ಬಿಟ್ಟು ಏಕೆ ಓಡಿಹೋಗಲಿಲ್ಲ? ಈ ಪದ್ಧತಿಯನ್ನು ರದ್ದು ಮಾಡಿದ ಕಾನೂನು ಯಾವುದು? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ನಿಮ್ಮ ವಿದ್ಯಾರ್ಥಿಗಳು ಗೋಪುರದ ತುದಿಯನ್ನು ಬಿಟ್ಟು ತಳದವನ ಬಗ್ಗೆ ಕೇಳುತ್ತಿರುವುದು ಸಂತೋಷದ ಸಂಗತಿ, ಏಕೆಂದರೆ ಆ ಕಾಲದ ಜನರಲ್ಲಿ ಬಹುಪಾಲು ಮಂದಿ ಬದುಕಿದ್ದು ಅಲ್ಲಿಯೇ. ಚಿಕ್ಕದಾಗಿ ಹೇಳುವುದಾದರೆ, ಮೇನರ್‌ನ, ಅಂದರೆ ಒಡೆಯನೊಬ್ಬನ ಅಧಿಕಾರಕ್ಕೆ ಒಳಪಟ್ಟ ಜಮೀನಿನ, ರೈತ ಗುಲಾಮನಾಗಿರಲಿಲ್ಲ, ಸ್ವತಂತ್ರನೂ ಆಗಿರಲಿಲ್ಲ. ಬೇರೆಲ್ಲೂ ಸುಲಭವಾಗಿ ಸಿಗದ ಭೂಮಿ, ತಲೆಮಾರುಗಳಿಂದ ನಡೆದುಬಂದ ಊರಿನ ರೂಢಿ, ಆ ರೂಢಿಯನ್ನು ಜಾರಿಗೆ ತರುತ್ತಿದ್ದ ಒಡೆಯನ ನ್ಯಾಯಸಭೆ, ಇವು ಅವನನ್ನು ಹಿಡಿದಿಟ್ಟಿದ್ದವು. ಆದರೆ ಅದೇ ರೂಢಿಯನ್ನು, ಅದೇ ನ್ಯಾಯಸಭೆಯನ್ನು ಅವನು ತನ್ನ ರಕ್ಷಣೆಗೂ ಬಳಸಿಕೊಂಡ ಎಂಬುದು ಗೋಪುರದ ಚಿತ್ರದಲ್ಲಿ ಕಾಣಿಸುವುದೇ ಇಲ್ಲ. ಯುರೋಪಿನ ಒಂದೊಂದು ನಾಡಿನಲ್ಲಿ ಒಂದೊಂದು ಬಗೆಯಿದ್ದುದರಿಂದ ನಾನು ಇಲ್ಲಿ ಇಂಗ್ಲೆಂಡನ್ನು ಮಾತ್ರ ತೆಗೆದುಕೊಳ್ಳುತ್ತೇನೆ. 13 ಮತ್ತು 14ನೇ ಶತಮಾನದ ಅಲ್ಲಿನ ಹಳ್ಳಿಗಳ ಲೆಕ್ಕದ ಸುರುಳಿಗಳು ಮತ್ತು ನ್ಯಾಯಸಭೆಯ ದಾಖಲೆಗಳು ರಾಶಿರಾಶಿಯಾಗಿ ಉಳಿದಿವೆ. ವಿಂಚೆಸ್ಟರ್ ಬಿಷಪ್‌ನ ಎಸ್ಟೇಟುಗಳ ಲೆಕ್ಕಪತ್ರಗಳಂತೂ 1208–09ರಿಂದಲೇ ಸಿಗುತ್ತವೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಗೋಪುರದ ಚಿತ್ರವು ಎರಡು ಬೇರೆ ಬೇರೆ ಸಂಬಂಧಗಳನ್ನು ಒಂದೇ ಏಣಿಯ ಮೆಟ್ಟಿಲುಗಳಂತೆ ತೋರಿಸುತ್ತದೆ. ಮೇಲಿನ ಭಾಗದಲ್ಲಿರುವುದು ಭೂಮಿಯುಳ್ಳವರು ತಮ್ಮತಮ್ಮಲ್ಲಿ ಇಟ್ಟುಕೊಂಡಿದ್ದ ಸಂಬಂಧ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ನಾಡಿನ ಎಲ್ಲ ಭೂಮಿಗೂ ಅಂತಿಮ ಒಡೆಯ ರಾಜನೇ ಎಂಬ ತತ್ವ ನೆಲೆಗೊಂಡಿತು. ಅವನಿಂದ ನೇರವಾಗಿ ಭೂಮಿ ಪಡೆದ ಪ್ರಮುಖರು, ಮಠಾಧಿಪತಿಗಳು ಮತ್ತು ಬಿಷಪ್‌ಗಳು ಅದಕ್ಕೆ ಪ್ರತಿಯಾಗಿ ನಿಗದಿತ ಸಂಖ್ಯೆಯ ನೈಟ್‌ಗಳನ್ನು, ಅಂದರೆ ಕುದುರೆ ಸವಾರ ಯೋಧರನ್ನು, ಒದಗಿಸಬೇಕಿತ್ತು. ವರ್ಷಕ್ಕೆ 40 ದಿನಗಳ ಸೇವೆ ಎಂಬುದು ಸಾಮಾನ್ಯ ಲೆಕ್ಕ. ಭೂಮಿ ಪಡೆಯುವವನು ಒಡೆಯನ ಮುಂದೆ ಮಂಡಿಯೂರಿ, ಜೋಡಿಸಿದ ತನ್ನ ಕೈಗಳನ್ನು ಅವನ ಕೈಗಳ ನಡುವೆ ಇಟ್ಟು, ತಾನು ಅವನ ಆಳು ಎಂದು ಒಪ್ಪಿಕೊಳ್ಳುತ್ತಿದ್ದ. ತಂದೆ ಸತ್ತು ಮಗ ಭೂಮಿಗೆ ಬಂದಾಗ ಒಡೆಯನಿಗೆ ಕಾಣಿಕೆ ಸಲ್ಲಬೇಕಿತ್ತು. ರಾಜರು ಇದನ್ನು ಮನಬಂದಂತೆ ಏರಿಸುತ್ತಿದ್ದುದರಿಂದಲೇ 1215ರ ಮ್ಯಾಗ್ನಾ ಕಾರ್ಟಾ ಎಂಬ ರಾಜನ ಸನ್ನದು ಬ್ಯಾರನ್ (ದೊಡ್ಡ ಸಾಮಂತ) ಒಬ್ಬನ ಉತ್ತರಾಧಿಕಾರಿಗೆ 100 ಪೌಂಡ್, ನೈಟ್‌ನ ಉತ್ತರಾಧಿಕಾರಿಗೆ ಹೆಚ್ಚೆಂದರೆ 100 ಶಿಲ್ಲಿಂಗ್ ಎಂದು ಮಿತಿ ಹಾಕಿತು. ಒಬ್ಬನೇ ಮನುಷ್ಯ ಮೂರು ನಾಲ್ಕು ಒಡೆಯರಿಂದ ಭೂಮಿ ಹಿಡಿದಿರುವುದು ಅಪರೂಪವಾಗಿರಲಿಲ್ಲ. ಬೇಗನೆ ಸೈನಿಕ ಸೇವೆಯ ಬದಲು ಹಣ ಕೊಡುವುದೂ ಶುರುವಾಯಿತು. ಹೀಗಾಗಿ ನುಣುಪಾದ ಗೋಪುರ ಎಂದೂ ಇರಲಿಲ್ಲ. 1970ರ ದಶಕದಿಂದ ಈಚೆಗೆ ಅನೇಕ ಇತಿಹಾಸಕಾರರು ಆ ಇಡೀ ಮಾದರಿಯನ್ನೇ ಪ್ರಶ್ನಿಸಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅವರ ಆಕ್ಷೇಪ ಬಹುಮಟ್ಟಿಗೆ ಸರಿಯಾಗಿದೆ, ಮತ್ತು ಮಕ್ಕಳಿಗೆ ಆ ಚಿತ್ರವನ್ನು ಬರೆದು ತೋರಿಸುವಾಗ ರೈತನನ್ನು ಅದರ ಹೊರಗೆ ಇಡುವುದೇ ಒಳ್ಳೆಯದು. ರೈತ ಯುದ್ಧಸೇವೆಯ ಕರಾರಿಗೆ ಒಳಪಟ್ಟವನಲ್ಲ; ಅವನಿಗೂ ಒಡೆಯನಿಗೂ ಇದ್ದ ಸಂಬಂಧ ಮೇನರ್ ಎಂಬ ಬೇರೊಂದು ವ್ಯವಸ್ಥೆಯದು.

ಮೇನರ್ ಎಂದರೆ ಒಡೆಯನೊಬ್ಬನ ಭೂಮಿ, ಆದಾಯ ಮತ್ತು ನ್ಯಾಯಾಧಿಕಾರ ಒಟ್ಟಾಗಿರುವ ಘಟಕ. ಕೆಲವೆಡೆ ಒಂದು ಊರು ಒಂದೇ ಮೇನರ್ ಆಗಿತ್ತು. ಎಷ್ಟೋ ಕಡೆ ಒಂದೇ ಊರನ್ನು ಇಬ್ಬರು ಮೂವರು ಒಡೆಯರು ಹಂಚಿಕೊಂಡಿದ್ದರು. ಇಂಗ್ಲೆಂಡಿನ ನಡುನಾಡಿನ ಊರೊಂದನ್ನು ಕಲ್ಪಿಸಿಕೊಳ್ಳಿ: ಒಂದು ಚರ್ಚು, ಒಡೆಯನ ಮನೆ ಮತ್ತು ಕಣಜಗಳು, ಹಳ್ಳದ ದಂಡೆಯಲ್ಲಿ ಒಂದು ನೀರ ಗಿರಣಿ, ಬೀದಿಯ ಎರಡೂ ಬದಿಗೆ ಮಣ್ಣು ಮೆತ್ತಿದ ತಡಿಕೆ ಗೋಡೆಯ, ಹುಲ್ಲು ಹೊದಿಸಿದ ರೈತರ ಮನೆಗಳು, ಪ್ರತಿ ಮನೆಯ ಹಿಂದೆ ಒಂದಿಷ್ಟು ಹಿತ್ತಿಲು. ಊರಿನ ಸುತ್ತ ಬೇಲಿಯಿಲ್ಲದ ಎರಡು ಅಥವಾ ಮೂರು ವಿಶಾಲ ಹೊಲಬಯಲುಗಳು. ಮೂರು ಬಯಲಿದ್ದರೆ ಒಂದರಲ್ಲಿ ಚಳಿಗಾಲಕ್ಕೆ ಮುಂಚೆ ಬಿತ್ತಿದ ಗೋಧಿ ಅಥವಾ ರೈ, ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತಿದ ಬಾರ್ಲಿ, ಓಟ್ಸ್, ಬಟಾಣಿ, ಹುರುಳಿಕಾಯಿಯ ಜಾತಿಯ ಕಾಳುಗಳು, ಮೂರನೆಯದು ಬೀಳು. ಮರುವರ್ಷ ಸರದಿ ಬದಲಾಗುತ್ತಿತ್ತು. ಯಾವ ರೈತನ ಭೂಮಿಯೂ ಒಂದೇ ಕಡೆ ಇರುತ್ತಿರಲಿಲ್ಲ. ಅವನ ಪಾಲಿನ ಉದ್ದನೆಯ ಕಿರಿದಾದ ಪಟ್ಟೆಗಳು ಮೂರೂ ಬಯಲುಗಳಲ್ಲಿ ನೆರೆಯವರ ಪಟ್ಟೆಗಳ ನಡುವೆ ಚದುರಿರುತ್ತಿದ್ದವು. ಒಳ್ಳೆಯ ಮಣ್ಣು, ಕೆಟ್ಟ ಮಣ್ಣು, ತಗ್ಗು, ದಿಬ್ಬ ಎಲ್ಲವೂ ಎಲ್ಲರಿಗೂ ಒಂದಿಷ್ಟು ಬರಲಿ ಎಂಬುದು ಇದರ ಒಂದು ಪ್ರಯೋಜನ. ಇಂಥ ಬೇಸಾಯವನ್ನು ಕಣ್ಣಾರೆ ನೋಡಬೇಕೆಂದರೆ ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್ ಎಂಬ ಊರಿನಲ್ಲಿ ಮೂರು ತೆರೆದ ಬಯಲುಗಳ ಪದ್ಧತಿ ಇಂದಿಗೂ ಉಳಿದಿದೆ, ಅದರ ಉಸ್ತುವಾರಿಗೆ ಊರಿನವರ ನ್ಯಾಯಸಭೆ ಈಗಲೂ ಸೇರುತ್ತದೆ.

ಈ ಬಯಲುಗಳ ಭೂಮಿಯಲ್ಲಿ ಒಂದು ಭಾಗ ಒಡೆಯನ ಸ್ವಂತ ಸಾಗುವಳಿಗೆ ಮೀಸಲು. 13ನೇ ಶತಮಾನದ ಕೊನೆಯ ಹೊತ್ತಿಗೆ ನಡುನಾಡಿನಲ್ಲಿ ಇದು ಸುಮಾರು ಮೂರನೇ ಒಂದರಷ್ಟಿತ್ತು. ಉಳಿದದ್ದನ್ನು ಸ್ವತಂತ್ರ ಒಕ್ಕಲುಗಳೂ ವಿಲ್ಲೀನ್ ಎಂದು ಕರೆಯಲಾಗುತ್ತಿದ್ದ ಅಸ್ವತಂತ್ರ ಒಕ್ಕಲುಗಳೂ ಹಿಡಿದಿದ್ದರು. ನಿಮ್ಮ ಪಾಠದ ಸರ್ಫ್ ಎಂದರೆ ಇಂಗ್ಲೆಂಡಿನ ಮಟ್ಟಿಗೆ ಈ ವಿಲ್ಲೀನ್. 1300ರ ಸುಮಾರಿಗೆ ಇಂಗ್ಲೆಂಡಿನ ರೈತ ಕುಟುಂಬಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ವಿಲ್ಲೀನ್ ಸ್ಥಿತಿಯಲ್ಲಿದ್ದವು, ಕೆಂಟ್ ಪ್ರಾಂತದಲ್ಲಂತೂ ಈ ಸ್ಥಿತಿಯೇ ಇರಲಿಲ್ಲ ಎಂಬುದನ್ನು ಮಕ್ಕಳಿಗೆ ತಪ್ಪದೆ ಹೇಳಿ. ಪೂರ್ಣ ಹಿಡುವಳಿ ಎಂದರೆ ಸುಮಾರು 30 ಎಕರೆ. ಅದನ್ನು ಹೊಂದಿದವನು ಊರಿನಲ್ಲಿ ಅನುಕೂಲಸ್ಥ. ಅದರ ಅರ್ಧ ಹಿಡಿದವರು ಬಹಳ ಮಂದಿ, ಬರೀ ಗುಡಿಸಲು ಮತ್ತು ಎರಡು ಮೂರು ಎಕರೆ ಇದ್ದವರು ಇನ್ನೂ ಹಲವರು. ವಿಲ್ಲೀನ್ ಆಗಿದ್ದೂ 30 ಎಕರೆ ಉಳುವವನ ಹೊಲದಲ್ಲಿ, ಕಾನೂನಿನ ಪ್ರಕಾರ ಸ್ವತಂತ್ರನಾದ ಗುಡಿಸಲಿನವನು ಕೂಲಿ ಮಾಡುತ್ತಿದ್ದುದುಂಟು. ಆದ್ದರಿಂದ ಅಸ್ವತಂತ್ರನೆಲ್ಲ ಬಡವ, ಸ್ವತಂತ್ರನೆಲ್ಲ ಸುಖಿ ಎಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

ವಿಲ್ಲೀನ್ ತನ್ನ ಹಿಡುವಳಿಗಾಗಿ ಕೊಡಬೇಕಾದದ್ದು ಮುಖ್ಯವಾಗಿ ದುಡಿಮೆ. ಪೂರ್ಣ ಹಿಡುವಳಿದಾರನ ಮನೆಯಿಂದ ವಾರಕ್ಕೆ ಎರಡು ಮೂರು ದಿನ ಒಬ್ಬ ಆಳು ಒಡೆಯನ ಹೊಲಕ್ಕೆ ಹೋಗಬೇಕಿತ್ತು. ಯಜಮಾನನೇ ಹೋಗಬೇಕೆಂದಿಲ್ಲ, ಮಗನನ್ನೋ ಕೂಲಿಯವನನ್ನೋ ಕಳಿಸಬಹುದಿತ್ತು. ಬಹಳ ಮೇನರ್‌ಗಳಲ್ಲಿ ಒಂದು ದಿನದ ಕೆಲಸ ಎಂದರೆ ಮಧ್ಯಾಹ್ನದವರೆಗಿನ ಕೆಲಸ. ಕಷ್ಟವಿದ್ದದ್ದು ಸುಗ್ಗಿಯಲ್ಲಿ. ಕೊಯ್ಲಿನ ಕಾಲಕ್ಕೆ ಇಡೀ ಮನೆಮಂದಿ ಹೆಚ್ಚುವರಿ ಕೆಲಸಕ್ಕೆ ಹಾಜರಾಗಬೇಕಿತ್ತು, ಅದೂ ತನ್ನ ಬೆಳೆ ಮಾಗಿ ನಿಂತಿರುವ, ಮಳೆ ಬಂದರೆ ವರ್ಷದ ಅನ್ನವೇ ಹೋಗುವ ದಿನಗಳಲ್ಲಿ. ರೈತರ ಸಿಟ್ಟು ಅತಿ ಹೆಚ್ಚಾಗಿ ಕಾಣಿಸುವುದು ಈ ಸುಗ್ಗಿಯ ಬಿಟ್ಟಿ ಕೆಲಸದ ಸುತ್ತಲೇ. ಪ್ರತಿಯಾಗಿ ಒಡೆಯ ಊಟ ಹಾಕಬೇಕಿತ್ತು: ಎಷ್ಟು ರೊಟ್ಟಿ, ಅದು ಗೋಧಿಯದೋ ಬೇರೆ ಧಾನ್ಯದ್ದೋ, ಮಾಂಸವೋ ಮೀನೋ, ಏಲ್ ಎಂಬ ಬಾರ್ಲಿ ಮದ್ಯ ಇರುತ್ತದೆಯೋ ಇಲ್ಲವೋ, ಎಲ್ಲವನ್ನೂ ಮೇನರ್‌ನ ರೂಢಿಪಟ್ಟಿಯಲ್ಲಿ ಬರೆದಿಡಲಾಗುತ್ತಿತ್ತು. ಕೆಲವು ಮೇನರ್‌ಗಳಲ್ಲಿ ಹುಲ್ಲು ಕೊಯ್ಯುವವನು ದಿನದ ಕೊನೆಗೆ ತನ್ನ ಉದ್ದ ಹಿಡಿಯ ಕುಡುಗೋಲಿನ ಮೇಲೆ ಎತ್ತಲು ಸಾಧ್ಯವಾದಷ್ಟು ಹುಲ್ಲನ್ನು ಮನೆಗೆ ಒಯ್ಯಬಹುದಿತ್ತು. ಹಿಡಿ ಮುರಿದರೆ ಆ ಹುಲ್ಲು ಅವನ ಪಾಲಿಗಿಲ್ಲ. ಇಷ್ಟು ಸೂಕ್ಷ್ಮವಾದ ನಿಯಮಗಳು ಏಕೆ ಬಂದವು ಎಂದು ಯೋಚಿಸಿದರೆ, ಅವುಗಳ ಹಿಂದೆ ಎರಡೂ ಕಡೆಯವರ ದೀರ್ಘ ಚೌಕಾಸಿ ನಡೆದಿರಬೇಕು ಎಂಬುದು ಸ್ಪಷ್ಟವಾಗುತ್ತದೆ.

ದುಡಿಮೆಯ ಜೊತೆಗೆ ಹಣ ಮತ್ತು ವಸ್ತುವಿನ ರೂಪದ ಸಲ್ಲಿಕೆಗಳಿದ್ದವು. ಕ್ರಿಸ್‌ಮಸ್‌ಗೆ ಕೋಳಿ, ಈಸ್ಟರ್‌ಗೆ ಮೊಟ್ಟೆ, ಹಂದಿಗಳನ್ನು ಕಾಡಿಗೆ ಬಿಟ್ಟರೆ ಶುಲ್ಕ, ಹಿಡುವಳಿಗೆ ಹೊಸಬ ಬಂದರೆ ಪ್ರವೇಶ ಕಾಣಿಕೆ, ಒಡೆಯ ಬೇಕೆಂದಾಗ ಹೇರುವ ತೆರಿಗೆ. ಒಕ್ಕಲು ಸತ್ತರೆ ಮನೆಯ ಅತ್ಯುತ್ತಮ ದನ ಒಡೆಯನಿಗೆ ಸಲ್ಲಬೇಕು. ಹಲವೆಡೆ ಎರಡನೆಯ ಉತ್ತಮ ದನ ಚರ್ಚಿಗೆ. ಮನೆಯ ಯಜಮಾನನನ್ನು ಕಳೆದುಕೊಂಡ ವಾರದಲ್ಲೇ ಎತ್ತನ್ನೋ ಹಸುವನ್ನೋ ಬಿಚ್ಚಿ ಕಳಿಸಬೇಕಾದ ಕುಟುಂಬದ ಸ್ಥಿತಿಯನ್ನು ನಮ್ಮ ಹಳ್ಳಿಯ ಮಕ್ಕಳು ಬೇಗ ಅರ್ಥಮಾಡಿಕೊಳ್ಳುತ್ತಾರೆ. ಇದಲ್ಲದೆ ಬೆಳೆಯ ಹತ್ತನೇ ಒಂದು ಭಾಗ ಚರ್ಚಿಗೆ. ಬಿತ್ತಿದ ಗೋಧಿಯ ನಾಲ್ಕು ಪಟ್ಟು ಬೆಳೆದರೆ ಒಳ್ಳೆಯ ಫಸಲು ಎನ್ನುತ್ತಿದ್ದ ಕಾಲವದು. ಅಂದರೆ ನಾಲ್ಕರಲ್ಲಿ ಒಂದು ಪಾಲು ಬೀಜಕ್ಕೇ ಹೋಗುತ್ತಿತ್ತು, ಉಳಿದದ್ದರಲ್ಲಿ ಇವೆಲ್ಲವನ್ನೂ ತೆರಬೇಕಿತ್ತು.

ಹಾಗಾದರೆ ಅವನು ಗುಲಾಮನಲ್ಲವೆಂದು ಹೇಗೆ ಹೇಳುವುದು? ಇಂಗ್ಲೆಂಡಿನಲ್ಲಿ ನಿಜವಾದ ಗುಲಾಮರೂ ಇದ್ದರು. 1086ರಲ್ಲಿ ವಿಲಿಯಂ ಮಾಡಿಸಿದ, ನಾಡಿನ ಭೂಮಿ ಮತ್ತು ಒಕ್ಕಲುಗಳ ಲೆಕ್ಕವಾದ ಡೂಮ್ಸ್‌ಡೇ ಸಮೀಕ್ಷೆಯಲ್ಲಿ ದಾಖಲಾದವರಲ್ಲಿ ಹತ್ತರಲ್ಲಿ ಒಬ್ಬ ಗುಲಾಮ. ಅವರಿಗೆ ಹಿಡುವಳಿಯಿರಲಿಲ್ಲ, ಒಡೆಯನ ಮನೆಯ ಊಟದ ಮೇಲೆ ಬದುಕುತ್ತ ಬಹುಪಾಲು ಅವನ ನೇಗಿಲು ಹೊಡೆಯುತ್ತಿದ್ದರು. 1102ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸೇರಿದ ಚರ್ಚಿನ ಸಭೆ ಮನುಷ್ಯರನ್ನು ಪಶುಗಳಂತೆ ಮಾರುವುದನ್ನು ಖಂಡಿಸಿತು. ಆದರೆ ಗುಲಾಮಗಿರಿ ಆ ಶತಮಾನದಲ್ಲಿ ಮರೆಯಾಗಲು ದೊಡ್ಡ ಕಾರಣ ಲೆಕ್ಕಾಚಾರವೇ ಇರಬೇಕು. ವರ್ಷಪೂರ್ತಿ ಗುಲಾಮನನ್ನು ಸಾಕುವುದಕ್ಕಿಂತ ಅವನಿಗೊಂದು ತುಂಡು ಭೂಮಿ ಕೊಟ್ಟು, ಅವನ ಹೊಟ್ಟೆಯನ್ನು ಅವನೇ ನೋಡಿಕೊಳ್ಳುವಂತೆ ಮಾಡಿ, ವಾರದಲ್ಲಿ ಕೆಲವು ದಿನ ದುಡಿಸಿಕೊಳ್ಳುವುದು ಒಡೆಯನಿಗೆ ಅಗ್ಗ.

ವಿಲ್ಲೀನ್‌ನ ಕಾನೂನು ಸ್ಥಿತಿ ಖಚಿತವಾಗಿ ರೂಪುಗೊಂಡದ್ದು 12ನೇ ಶತಮಾನದ ಕೊನೆಗೆ, ರಾಜನ ನ್ಯಾಯಾಲಯಗಳು ಭೂಮಿಯ ಮೊಕದ್ದಮೆಗಳನ್ನು ಸ್ವತಂತ್ರರಿಗಾಗಿ ತೆರೆದಾಗ. ಯಾರು ಸ್ವತಂತ್ರ, ಯಾರು ಅಲ್ಲ ಎಂದು ಗೆರೆ ಎಳೆಯಬೇಕಾಯಿತು, ವಿಲ್ಲೀನ್ ಗೆರೆಯ ಆಚೆಗೆ ಉಳಿದ. ತನ್ನ ಒಡೆಯನ ವಿರುದ್ಧ ಭೂಮಿಗಾಗಿ ಅವನು ರಾಜನ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಸ್ವತಂತ್ರ ಮನುಷ್ಯನನ್ನು ಕಾನೂನಿನ ತೀರ್ಪಿಲ್ಲದೆ ಬಂಧಿಸಬಾರದೆಂಬ ಮ್ಯಾಗ್ನಾ ಕಾರ್ಟಾದ ಪ್ರಸಿದ್ಧ ಮಾತು ಅವನಿಗೆ ಅನ್ವಯಿಸಲಿಲ್ಲ. ಸ್ಥಿತಿ ಹುಟ್ಟಿನಿಂದ ಬರುತ್ತಿತ್ತು, ಮಕ್ಕಳಿಗೂ ಹೋಗುತ್ತಿತ್ತು. ಒಡೆಯರು ವಿಲ್ಲೀನ್‌ನನ್ನು ಅವನ ಸಂತತಿಯ ಸಮೇತ ಇನ್ನೊಬ್ಬರಿಗೆ ವಹಿಸಿಕೊಟ್ಟ ಪತ್ರಗಳೂ ಉಳಿದಿವೆ, ಅದನ್ನು ಮುಚ್ಚಿಡಬಾರದು. 1280ರಲ್ಲಿ ಬರ್ಟನ್ ಮಠದ ಅಬಾಟ್ (ಮಠಾಧಿಪತಿ) ಡಾರ್ಬಿಶೈರ್‌ನ ಮಿಕಲೋವರ್‌ನ ಒಕ್ಕಲುಗಳೊಂದಿಗೆ ಜಗಳ ಬಿದ್ದಾಗ, ಅವರಿಗೆ ತಮ್ಮ ಹೊಟ್ಟೆಯನ್ನು ಬಿಟ್ಟು ಸ್ವಂತದ್ದು ಏನೂ ಇಲ್ಲವೆಂದು ಸಾಧಿಸಿದ. ಕಾನೂನಿನ ಅಕ್ಷರದ ಪ್ರಕಾರ ಆತ ಹೇಳಿದ್ದು ತಪ್ಪಲ್ಲ. ಆದರೂ ಒಡೆಯ ವಿಲ್ಲೀನ್‌ನನ್ನು ಕೊಲ್ಲುವಂತಿರಲಿಲ್ಲ, ಅಂಗಹೀನನನ್ನಾಗಿ ಮಾಡುವಂತಿರಲಿಲ್ಲ. ಒಡೆಯನನ್ನು ಬಿಟ್ಟು ಉಳಿದ ಎಲ್ಲರ ಎದುರು ಅವನು ಸ್ವತಂತ್ರನಂತೆಯೇ ವ್ಯವಹರಿಸಬಹುದಿತ್ತು. ಅವನಿಗೆ ಮನೆ, ಸಂಸಾರ, ಎತ್ತು, ಬೆಳೆ ಇದ್ದವು; ಸಂತೆಗೆ ಹೋಗಿ ಮಾರುತ್ತಿದ್ದ, ಕೊಳ್ಳುತ್ತಿದ್ದ, ತೀರಿಹೋದಾಗ ಅವನ ಹಿಡುವಳಿ ಮಗನಿಗೋ ಹೆಂಡತಿಗೋ ಹೋಗುತ್ತಿತ್ತು. ಗ್ರಂಥದ ಕಾನೂನಿಗೂ ಊರಿನ ನಡವಳಿಕೆಗೂ ನಡುವಿನ ಈ ಅಂತರದಲ್ಲಿಯೇ ಮೇನರ್‌ನ ನಿಜವಾದ ಬದುಕು ನಡೆಯುತ್ತಿತ್ತು.

ಆ ನಡವಳಿಕೆಯನ್ನು ಕಾಯ್ದದ್ದು ಮೇನರ್‌ನ ನ್ಯಾಯಸಭೆ. ಕೆಲವು ವಾರಗಳಿಗೊಮ್ಮೆ ಒಡೆಯನ ಮನೆಯ ಹಜಾರದಲ್ಲೋ ಚರ್ಚಿನಲ್ಲೋ ಅದು ಸೇರುತ್ತಿತ್ತು. ಪೀಠದಲ್ಲಿ ಒಡೆಯನ ಪರವಾಗಿ ಆಡಳಿತ ನೋಡುವ ಸ್ಟೀವರ್ಡ್, ಪಕ್ಕದಲ್ಲಿ ಲ್ಯಾಟಿನ್‌ನಲ್ಲಿ ಬರೆದುಕೊಳ್ಳುವ ಗುಮಾಸ್ತ. ಆದರೆ ಯಾರ ಹಿಡುವಳಿ ಯಾರಿಗೆ ಸಲ್ಲಬೇಕು, ಯಾರು ಬಿಟ್ಟಿ ಕೆಲಸ ತಪ್ಪಿಸಿದರು, ಯಾರ ದನ ಯಾರ ಬೆಳೆಗೆ ನುಗ್ಗಿತು, ಊರಿನ ರೂಢಿ ಏನು ಹೇಳುತ್ತದೆ ಎಂದು ಹೇಳುತ್ತಿದ್ದವರು ಊರಿನವರೇ ಆದ ಪಂಚರು, ಬಹುಪಾಲು ವಿಲ್ಲೀನ್‌ಗಳು. ಸುಗ್ಗಿಯ ನಿಯಮಗಳನ್ನು ಊರವರು ಇಲ್ಲಿಯೇ ಮಾಡಿಕೊಳ್ಳುತ್ತಿದ್ದರು: ಕತ್ತಲಾದ ಮೇಲೆ ಸಿವುಡು ಸಾಗಿಸಬಾರದು, ಕೂಲಿಗೆ ಹೋಗಿ ಕೊಯ್ಯುವ ಶಕ್ತಿಯಿದ್ದವರು ಹಕ್ಕಲು ಆಯಬಾರದು, ಹಕ್ಕಲು ಮುದುಕರಿಗೂ ಕೈಲಾಗದವರಿಗೂ ಮೀಸಲು, ಕೊನೆಯ ಸಿವುಡು ಹೊರಡುವವರೆಗೆ ಕೂಳೆ ಹೊಲಕ್ಕೆ ದನ ಬಿಡಬಾರದು. ಬೇಲಿಯಿಲ್ಲದ ಬಯಲಿನಲ್ಲಿ ನೂರಾರು ಪಟ್ಟೆಗಳನ್ನು ಇಟ್ಟುಕೊಂಡು ಇಂಥ ಒಪ್ಪಂದವಿಲ್ಲದೆ ಬೇಸಾಯ ಸಾಧ್ಯವೇ ಇರಲಿಲ್ಲ. ಆ ಕಟ್ಟಳೆಗಳ ದಂಡದ ಹಣ ಮಾತ್ರ ಹೆಚ್ಚಾಗಿ ಒಡೆಯನ ಬೊಕ್ಕಸಕ್ಕೆ ಹೋಗುತ್ತಿತ್ತು. ನ್ಯಾಯಸಭೆ ಎಂಬುದು ಒಡೆಯನಿಗೆ ಆದಾಯದ ಮೂಲವಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಈ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಗಮನಾರ್ಹವಾಗಿ ತೋರುವ ವ್ಯಕ್ತಿ ರೀವ್. ಒಡೆಯನ ಬೇಸಾಯದ ದಿನನಿತ್ಯದ ಮೇಲ್ವಿಚಾರಣೆ ಅವನದು, ಆದರೆ ಅವನು ಸ್ವತಃ ವಿಲ್ಲೀನ್. ಸಾಮಾನ್ಯವಾಗಿ ಊರವರೇ ಪ್ರತಿ ವರ್ಷ ಸೆಪ್ಟೆಂಬರ್ 29ರ ಮೈಕಲ್‌ಮಸ್ ಹಬ್ಬದ ಹೊತ್ತಿಗೆ ಅವನನ್ನು ಆರಿಸುತ್ತಿದ್ದರು. ಬಿಟ್ಟಿ ಕೆಲಸಕ್ಕೆ ಜನ ಬಂದರೋ, ಬೀಜ ಎಷ್ಟು ಹೋಯಿತು, ಎಷ್ಟು ಕುರಿ ಸತ್ತವು, ಎಷ್ಟು ಚೀಸ್ ಆಯಿತು ಎಂಬ ಲೆಕ್ಕವನ್ನು ವರ್ಷದ ಕೊನೆಗೆ ಒಪ್ಪಿಸಬೇಕು. ಕೊರತೆ ಬಿದ್ದರೆ ಅವನ ಕೈಯಿಂದಲೇ ತುಂಬಬೇಕು. ಹಂಟಿಂಗ್‌ಡನ್‌ಶೈರ್‌ನ ಎಲ್ಟನ್, ರ‍್ಯಾಮ್ಸೆ ಮಠಕ್ಕೆ ಸೇರಿದ ಮೇನರ್. 13ನೇ ಶತಮಾನದ ಕೊನೆಯ ಭಾಗದ ಅದರ ನ್ಯಾಯಸಭೆಯ ದಾಖಲೆಯೊಂದರಲ್ಲಿ ಮೈಕಲ್ ಎಂಬ ರೀವ್ ಒಂದು ದೂರು ಕೊಟ್ಟಿದ್ದಾನೆ. ಊರಿನ ಕೆಲವರು ಚರ್ಚಿನ ಅಂಗಳದಲ್ಲಿ ಇಡೀ ಊರ ಮುಂದೆ ತನ್ನನ್ನು ನಿಂದಿಸಿದರು, ಮಠಕ್ಕೆ ಸಲ್ಲಬೇಕಾದ ಬಿಟ್ಟಿ ದುಡಿಮೆಯಿಂದ ತನ್ನ ಸ್ವಂತ ಹುಲ್ಲನ್ನೂ ಬೆಳೆಯನ್ನೂ ಕೊಯ್ಸಿಕೊಂಡನೆಂದು ಆರೋಪಿಸಿದರು ಎಂಬುದು ಅವನ ಅಳಲು. ಪಂಚರು ವಿಚಾರಿಸಿ ರೀವ್ ತಪ್ಪಿತಸ್ಥನಲ್ಲವೆಂದರು, ನಿಂದಿಸಿದವರಿಗೆ ದಂಡ ಬಿತ್ತು. ಒಡೆಯ ದೂರದ ಮಠದಲ್ಲಿದ್ದಾನೆ. ಇಲ್ಲಿ ಜಗಳವಾಡುತ್ತಿರುವವರೂ ತೀರ್ಪು ಕೊಡುತ್ತಿರುವವರೂ ಒಕ್ಕಲುಗಳೇ. ಊರಿನೊಳಗಿನ ಈ ಅಧಿಕಾರದ ಹಂಚಿಕೆ ತಿಳಿಯದೆ, ಕೈಬೆರಳೆಣಿಕೆಯ ಅಧಿಕಾರಿಗಳನ್ನಿಟ್ಟುಕೊಂಡ ಮಠವೊಂದು ಹತ್ತಾರು ಊರುಗಳನ್ನು ಶತಮಾನಗಟ್ಟಲೆ ಹೇಗೆ ಆಳಿತು ಎಂಬುದು ಅರ್ಥವಾಗುವುದಿಲ್ಲ.

ಹೆಂಗಸರ ಬಗ್ಗೆ ಪಠ್ಯಗಳಲ್ಲಿ ಏನೂ ಇರುವುದಿಲ್ಲವಾದ್ದರಿಂದ ಎರಡು ಮಾತು. ವಿಲ್ಲೀನ್‌ನ ಮಗಳ ಮದುವೆಗೆ ಒಡೆಯನ ಅನುಮತಿ ಬೇಕಿತ್ತು, ಅದಕ್ಕೆ ಶುಲ್ಕವಿತ್ತು; ಮದುವೆಯಿಲ್ಲದೆ ಗರ್ಭಿಣಿಯಾದರೆ ದಂಡವಿತ್ತು. ಆದರೆ ರ‍್ಯಾಮ್ಸೆ ಮಠದ 15ನೇ ಶತಮಾನದ ಪುಸ್ತಕವೊಂದರಲ್ಲಿ ಈ ಮದುವೆ ಶುಲ್ಕವನ್ನು ಸುಮಾರು ಮೂರನೇ ಒಂದರಷ್ಟು ಪ್ರಸಂಗಗಳಲ್ಲಿ ವಧುವೇ ಕಟ್ಟಿದ್ದಾಳೆ, ಅಂದರೆ ಅವಳ ಕೈಯಲ್ಲಿ ಸ್ವಂತ ದುಡಿಮೆಯ ಹಣವಿತ್ತು. ಗಂಡ ಸತ್ತ ಮೇಲೆ ವಿಧವೆಗೆ ಹಿಡುವಳಿಯ ಮೂರನೇ ಒಂದು, ಅರ್ಧ, ಕೆಲವೆಡೆ ಪೂರ್ತಿ ಭಾಗವನ್ನು ಇಟ್ಟುಕೊಳ್ಳುವ ಹಕ್ಕು ರೂಢಿಯಿಂದಲೇ ಬಂದಿತ್ತು. ಏಲ್ ತಯಾರಿಸಿ ಮಾರುವುದು ಬಹುಮಟ್ಟಿಗೆ ಹೆಂಗಸರ ಕೈಯಲ್ಲಿತ್ತು. ಅಳತೆ, ಬೆಲೆಗಳ ನಿಯಮ ಮೀರಿದ್ದಕ್ಕೆಂದು ಅದೇ ಹೆಂಗಸರಿಗೆ ಸಭೆಯಿಂದ ಸಭೆಗೆ ಬೀಳುತ್ತಿದ್ದ ಸಣ್ಣ ದಂಡ ನೋಡಿದರೆ ಅದು ಶಿಕ್ಷೆಗಿಂತ ಹೆಚ್ಚಾಗಿ ಪರವಾನಗಿ ಶುಲ್ಕದಂತೆ ಕಾಣುತ್ತದೆ.

ಇನ್ನು ಓಡಿಹೋಗುವ ಪ್ರಶ್ನೆ. ಓಡಿಹೋದವರು ಬಹಳ ಮಂದಿ ಇದ್ದರು. ರಾಜ 2ನೇ ಹೆನ್ರಿ ನಾಟಿಂಗ್‌ಹ್ಯಾಮ್ ಪಟ್ಟಣಕ್ಕೆ ಕೊಟ್ಟ ಸನ್ನದಿನಲ್ಲಿ, ಒಂದು ವರ್ಷ ಮತ್ತು ಒಂದು ದಿನ ಯಾರ ತಕರಾರೂ ಇಲ್ಲದೆ ಅಲ್ಲಿ ನೆಲೆಸಿದವನ ಮೇಲೆ ರಾಜನನ್ನು ಬಿಟ್ಟು ಬೇರೆ ಯಾರಿಗೂ ಹಕ್ಕಿಲ್ಲ ಎಂದಿದೆ; ಹಲವು ಪಟ್ಟಣಗಳಿಗೆ ಇಂಥ ಹಕ್ಕಿತ್ತು. ಅನುಮತಿ ಪಡೆದು ಹೋಗುವುದೂ ಸಾಧ್ಯವಿತ್ತು. ವರ್ಷಕ್ಕೆ ಕೆಲವು ಪೆನ್ನಿಯನ್ನೋ ಕೋಳಿಗಳನ್ನೋ ಒಡೆಯನಿಗೆ ಸಲ್ಲಿಸಿ ಹೊರಗೆ ದುಡಿಯುತ್ತಿದ್ದವರ ಹೆಸರುಗಳು ದಾಖಲೆಗಳಲ್ಲಿ ಸಾಲುಸಾಲಾಗಿವೆ. ಹೋದವರು ಹೆಚ್ಚಾಗಿ ಭೂಮಿ ಸಿಗುವ ನಿರೀಕ್ಷೆಯಿಲ್ಲದ ಕಿರಿಯ ಮಕ್ಕಳು. ಹಿಡುವಳಿ ಇದ್ದವನಿಗೆ ಓಡುವುದೆಂದರೆ ಅದನ್ನು ಬಿಟ್ಟುಕೊಡುವುದು. 1300ರ ಹೊತ್ತಿಗೆ ಇಂಗ್ಲೆಂಡಿನ ಜನಸಂಖ್ಯೆ 50 ಲಕ್ಷ ಇಲ್ಲವೇ ಅದಕ್ಕೂ ಹೆಚ್ಚಾಗಿತ್ತು, ಭೂಮಿಗಾಗಿ ಕಾದಿದ್ದವರು ಲೆಕ್ಕವಿಲ್ಲದಷ್ಟು, ಕೂಲಿ ಬಹಳ ಕಡಿಮೆ. ರೂಢಿಯಿಂದ ನಿಗದಿಯಾದ ವಿಲ್ಲೀನ್ ಗುತ್ತಿಗೆ ಎಷ್ಟೋ ಕಡೆ ಮಾರುಕಟ್ಟೆಯ ಗುತ್ತಿಗೆಗಿಂತ ಅಗ್ಗವಾಗಿತ್ತು. 1315ರಿಂದ 1317ರವರೆಗೆ ಸತತ ಮಳೆಯಿಂದ ಬೆಳೆ ಕೊಳೆತು ಭೀಕರ ಬರಗಾಲ ಬಂದಾಗ ಮೊದಲು ಸತ್ತವರು ಭೂಮಿಯಿಲ್ಲದವರು. ಅಂಥ ಕಾಲದಲ್ಲಿ 15 ಎಕರೆಯ ಅಸ್ವತಂತ್ರ ಹಿಡುವಳಿಯನ್ನು ತೊರೆದು ಹೋಗದವನನ್ನು ಹೇಡಿ ಎನ್ನುವುದು ಅನ್ಯಾಯ.

ಅವರು ನಿಂತಲ್ಲೇ ಹೋರಾಡಿದರು. ಬಿಟ್ಟಿ ಕೆಲಸಕ್ಕೆ ತಡವಾಗಿ ಹೋಗುವುದು, ಬೇಕೆಂದೇ ಕೆಟ್ಟದಾಗಿ ಉಳುವುದು, ಒಟ್ಟಾಗಿ ಗೈರಾಗುವುದು ದಂಡದ ಪಟ್ಟಿಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ವುಸ್ಟರ್‌ಶೈರ್ ಗಡಿಯ ಹೇಲ್ಸೋವನ್ ಊರಿನ ಒಕ್ಕಲುಗಳು ತಮ್ಮ ಮೇಲೆ ಮಠ ಹೊಸ ಹೊರೆಗಳನ್ನು ಹೇರುತ್ತಿದೆ ಎಂದು 13ನೇ ಶತಮಾನದಲ್ಲಿ ದಶಕಗಳ ಕಾಲ ರಾಜನ ನ್ಯಾಯಾಲಯದಲ್ಲಿ ಹೋರಾಡಿ ಕೊನೆಗೆ ಸೋತರು. ಇನ್ನೂ ಸೋಜಿಗದ ಸಂಗತಿ 1377ರದು. ದಕ್ಷಿಣ ಇಂಗ್ಲೆಂಡಿನ 40ಕ್ಕೂ ಹೆಚ್ಚು ಊರುಗಳ ರೈತರು ಹಣ ಕೂಡಿಸಿ, ಸುಮಾರು ಮುನ್ನೂರು ವರ್ಷ ಹಳೆಯದಾದ ಡೂಮ್ಸ್‌ಡೇ ದಾಖಲೆಯಿಂದ ತಮ್ಮ ಊರಿನ ಭಾಗದ ಅಧಿಕೃತ ನಕಲುಗಳನ್ನು ಪಡೆದರು. ತಮ್ಮ ಊರು ಹಿಂದೆ ರಾಜನ ಸ್ವಂತ ಭೂಮಿಯಾಗಿತ್ತು, ಆದ್ದರಿಂದ ಈಗಿನ ಒಡೆಯ ಇಷ್ಟೆಲ್ಲ ಸೇವೆ ಕೇಳುವಂತಿಲ್ಲ ಎಂಬುದು ಅವರ ವಾದ. ಪಾರ್ಲಿಮೆಂಟು ಗಾಬರಿಯಾಯಿತು. ಓದುಬರಹ ಬಾರದವರೆಂದು ನಾವು ತಳ್ಳಿಹಾಕುವ ಜನ ದಾಖಲೆಯ ಶಕ್ತಿಯನ್ನು ಎಷ್ಟು ಚೆನ್ನಾಗಿ ತಿಳಿದಿದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಅಷ್ಟರಲ್ಲಿ ಕಾಲ ಬದಲಾಗಿತ್ತು. 1348–49ರ ಮಹಾಮಾರಿ ಪ್ಲೇಗ್ ಮೂರನೇ ಒಂದರಿಂದ ಅರ್ಧದಷ್ಟು ಜನರನ್ನು ಕೊಂಡೊಯ್ದಿತು. ಬದುಕಿದವರ ಮುಂದೆ ಭೂಮಿ ಖಾಲಿ ಬಿದ್ದಿತ್ತು, ಕೂಲಿ ಏರತೊಡಗಿತ್ತು. 1349ರ ಆಜ್ಞೆ ಮತ್ತು 1351ರ ಕಾರ್ಮಿಕರ ಶಾಸನ ಕೂಲಿಯನ್ನು ಪ್ಲೇಗಿಗೆ ಮುಂಚಿನ ಮಟ್ಟದಲ್ಲೇ ನಿಲ್ಲಿಸಲು ಹೊರಟವು. ಒಡೆಯರು ಹಳೆಯ ಹಕ್ಕುಗಳನ್ನು ಬಿಗಿಗೊಳಿಸಿದರು. ಅದರ ಮೇಲೆ ಮೂರು ಸಲ ತಲೆಗಂದಾಯ ಬಿತ್ತು. 1381ರ ಮೇ ಕೊನೆಯಲ್ಲಿ ಎಸೆಕ್ಸ್‌ನಲ್ಲಿ ಎದ್ದ ಬಂಡಾಯ ಎರಡೇ ವಾರದಲ್ಲಿ ಲಂಡನ್ ತಲುಪಿತು. ಜೂನ್ 14ರಂದು ಮೈಲ್ ಎಂಡ್‌ನಲ್ಲಿ 14 ವರ್ಷದ ರಾಜ 2ನೇ ರಿಚರ್ಡ್‌ನ ಎದುರು ರೈತರು ಇಟ್ಟ ಬೇಡಿಕೆ ವಿಲ್ಲೀನ್ ಸ್ಥಿತಿಯ ರದ್ದತಿ ಮತ್ತು ಎಕರೆಗೆ 4 ಪೆನ್ನಿ ಗುತ್ತಿಗೆ. ಊರೂರಿನಲ್ಲಿ ಅವರು ಹುಡುಕಿ ಸುಟ್ಟದ್ದು ಮೇನರ್‌ನ ನ್ಯಾಯಸಭೆಯ ಸುರುಳಿಗಳನ್ನು, ಏಕೆಂದರೆ ಯಾರ ಅಜ್ಜ ಯಾರ ವಿಲ್ಲೀನ್ ಎಂಬುದು ಬರೆದಿದ್ದದ್ದು ಅಲ್ಲಿ. ಸೇಂಟ್ ಆಲ್ಬನ್ಸ್‌ನಲ್ಲಿ ಇನ್ನೊಂದು ಘಟನೆ ನಡೆಯಿತು. ಅಲ್ಲಿನ ಮಠ ಎಲ್ಲರೂ ತನ್ನ ಗಿರಣಿಯಲ್ಲೇ ಶುಲ್ಕ ಕೊಟ್ಟು ಬೀಸಿಸಬೇಕೆಂದು ಹೇಳುತ್ತಿತ್ತು. ಸುಮಾರು 50 ವರ್ಷ ಹಿಂದೆ ಅಬಾಟ್ ಆಗಿದ್ದ ವಾಲಿಂಗ್‌ಫರ್ಡ್‌ನ ರಿಚರ್ಡ್ ಜನರ ಮನೆಯ ಬೀಸುಕಲ್ಲುಗಳನ್ನು ಕಸಿದುಕೊಂಡು ಅವುಗಳನ್ನು ಮಠದ ಕೋಣೆಯೊಂದರ ನೆಲಕ್ಕೆ ಹಾಸಿಸಿದ್ದ. 1381ರಲ್ಲಿ ಪಟ್ಟಣದ ಜನ ಒಳನುಗ್ಗಿ ಆ ನೆಲವನ್ನು ಅಗೆದು, ಕಲ್ಲುಗಳನ್ನು ಒಡೆದು, ಚರ್ಚಿನಲ್ಲಿ ಪವಿತ್ರ ರೊಟ್ಟಿಯನ್ನು ಹಂಚುವಂತೆ ಆ ಚೂರುಗಳನ್ನು ತಮ್ಮಲ್ಲಿ ಹಂಚಿಕೊಂಡರು. ಬಂಡಾಯದ ನಾಯಕ ವಾಟ್ ಟೈಲರ್ ಜೂನ್ 15ರಂದು ಹತನಾದ. ರಾಜ ಕೊಟ್ಟಿದ್ದ ಸ್ವಾತಂತ್ರ್ಯ ಪತ್ರಗಳನ್ನು ಜುಲೈ 2ರಂದು ರದ್ದು ಮಾಡಲಾಯಿತು.

ಜೀತದೊಂದಿಗಿನ ಹೋಲಿಕೆಯನ್ನು ನಾನು ಎಚ್ಚರಿಕೆಯಿಂದ ಮಾಡುತ್ತೇನೆ. ನಮ್ಮಲ್ಲಿ ಜೀತ ಎಂದರೆ ಮುಖ್ಯವಾಗಿ ಸಾಲಕ್ಕೆ ಅಡವಿಟ್ಟ ದುಡಿಮೆ. ಜೀತದಾಳಿಗೆ ಹೆಚ್ಚಾಗಿ ಭೂಮಿಯೇ ಇರಲಿಲ್ಲ, ಅದರ ಹಿಂದೆ ಜಾತಿಯ ಬಲವಿತ್ತು, ಅವನ ಪರವಾಗಿ ರೂಢಿಯನ್ನು ಹೇಳುವ ಪಂಚರಲ್ಲಿ ಅವನೇ ಒಬ್ಬನಾಗಿ ಕೂರುವ ಮಾತಂತೂ ದೂರ. 1976ರ ಜೀತ ಪದ್ಧತಿ ರದ್ದತಿ ಕಾಯಿದೆ ಸಾಲವನ್ನೇ ಅಳಿಸಿಹಾಕಿದ್ದು ಅದಕ್ಕಾಗಿ. ವಿಲ್ಲೀನ್‌ನನ್ನು ಕಟ್ಟಿಹಾಕಿದ್ದು ಸಾಲವಲ್ಲ, ಹುಟ್ಟು ಮತ್ತು ಹಿಡುವಳಿ. ಕನ್ನಡ ಶಾಸನಗಳಲ್ಲಿ ಕಾಣುವ ಅಗ್ರಹಾರ, ಉಂಬಳಿ, ಸರ್ವಮಾನ್ಯಗಳನ್ನೂ ಬಿಟ್ಟಿಯನ್ನೂ ಮುಂದಿಟ್ಟುಕೊಂಡು ಭಾರತದಲ್ಲಿಯೂ ಊಳಿಗಮಾನ್ಯ ವ್ಯವಸ್ಥೆ ಇತ್ತೇ ಎಂದು ನಮ್ಮ ಇತಿಹಾಸಕಾರರು ದಶಕಗಳಿಂದ ಚರ್ಚಿಸಿದ್ದಾರೆ. ನನಗೆ ಕಾಣುವಂತೆ, ದಾನದ ಮೂಲಕ ಭೂಮಿಯ ಆದಾಯದ ಹಕ್ಕು ಕೈಬದಲಾಗುವುದು ಎರಡೂ ಕಡೆ ಇತ್ತು. ಆದರೆ ಒಡೆಯನ ಸ್ವಂತ ದೊಡ್ಡ ಬೇಸಾಯವನ್ನು ಒಕ್ಕಲುಗಳ ವಾರದ ದುಡಿಮೆಯಿಂದ ನಡೆಸುವ ಇಂಗ್ಲಿಷ್ ಮೇನರ್‌ನ ಮಾದರಿ ಇಲ್ಲಿ ಸಾಮಾನ್ಯವಾಗಿರಲಿಲ್ಲ. ಮಕ್ಕಳಿಗೆ ಹೋಲಿಕೆಗಿಂತ ವ್ಯತ್ಯಾಸವನ್ನು ತೋರಿಸಿದರೆ ಎರಡೂ ಸಮಾಜಗಳು ಹೆಚ್ಚು ಸ್ಪಷ್ಟವಾಗುತ್ತವೆ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ವಿಲ್ಲೀನ್ ಸ್ಥಿತಿಯನ್ನು ಇಂಗ್ಲೆಂಡಿನಲ್ಲಿ ಯಾವ ಕಾನೂನೂ ರದ್ದು ಮಾಡಲಿಲ್ಲ. ಪ್ಲೇಗಿನ ನಂತರದ ನೂರು ವರ್ಷಗಳಲ್ಲಿ ಒಕ್ಕಲುಗಳು ಸಿಗದೆ ಹೋದ ಒಡೆಯರು ಸ್ವಂತ ಬೇಸಾಯವನ್ನು ಬಿಟ್ಟು ಅದನ್ನು ಗುತ್ತಿಗೆಗೆ ಕೊಟ್ಟರು, ಬಿಟ್ಟಿ ದುಡಿಮೆಯ ಬದಲು ಹಣ ತೆಗೆದುಕೊಂಡರು, ಅವಮಾನದ ಶುಲ್ಕಗಳನ್ನು ಕೇಳುವುದನ್ನೇ ಕೈಬಿಟ್ಟರು. ಕೇಳಿದರೆ ಒಕ್ಕಲು ಪಕ್ಕದ ಒಡೆಯನ ಬಳಿ ಹೋಗುತ್ತಿದ್ದ. 1381ರಲ್ಲಿ ಗೆಲ್ಲದಿದ್ದುದನ್ನು ರೈತರು ಈ ಚೌಕಾಸಿಯಲ್ಲಿ ನಿಧಾನವಾಗಿ ಗೆದ್ದುಕೊಂಡರು. ಆದರೂ ಅಲ್ಲಲ್ಲಿ ಉಳಿಕೆಗಳಿದ್ದವು. 1549ರಲ್ಲಿ ನಾರ್ಫೋಕ್‌ನಲ್ಲಿ ರಾಬರ್ಟ್ ಕೆಟ್‌ನ ನಾಯಕತ್ವದಲ್ಲಿ ಎದ್ದವರ ಬೇಡಿಕೆಗಳಲ್ಲಿ ಅಸ್ವತಂತ್ರರೆಲ್ಲರ ಬಿಡುಗಡೆಯೂ ಒಂದು. 1574ರಲ್ಲಿ ರಾಣಿ 1ನೇ ಎಲಿಜಬೆತ್ ತನ್ನ ಎಸ್ಟೇಟುಗಳಲ್ಲಿ ಉಳಿದಿದ್ದ ಅಸ್ವತಂತ್ರರನ್ನು, ಹಣ ಪಡೆದು, ಬಿಡುಗಡೆ ಮಾಡಲು ಆಯೋಗವನ್ನು ನೇಮಿಸಿದಳು. ವಿಲ್ಲೀನ್ ಸ್ಥಿತಿಯ ಬಗ್ಗೆ ನ್ಯಾಯಾಲಯದಲ್ಲಿ ನಡೆದ ಕೊನೆಯ ಪ್ರಮುಖ ಮೊಕದ್ದಮೆ 1618ರದು. ಮೇಲಿನ ವರ್ಗದ ಸೈನಿಕ ಸೇವೆಯ ಭೂಹಿಡುವಳಿಯನ್ನು ಮಾತ್ರ 1660ರಲ್ಲಿ ಪಾರ್ಲಿಮೆಂಟು ಕಾನೂನಿನ ಮೂಲಕ ತೆಗೆದುಹಾಕಿತು. ವಿಲ್ಲೀನ್‌ನ ಹಿಡುವಳಿ ಬೇರೆ ರೂಪದಲ್ಲಿ ಮುಂದುವರಿಯಿತು: ನ್ಯಾಯಸಭೆಯ ಸುರುಳಿಯಲ್ಲಿ ತನ್ನ ಹೆಸರು ಬರೆದ ನಮೂದಿನ ನಕಲನ್ನು ಒಕ್ಕಲು ಹಕ್ಕುಪತ್ರವಾಗಿ ಇಟ್ಟುಕೊಳ್ಳುತ್ತಿದ್ದ. ಕಾಪಿಹೋಲ್ಡ್ ಎಂಬ ಹೆಸರಿನ ಈ ಹಿಡುವಳಿಯನ್ನು ಕ್ರಮೇಣ ರಾಜನ ನ್ಯಾಯಾಲಯಗಳೂ ರಕ್ಷಿಸತೊಡಗಿದವು. ಅದು ಕೊನೆಗೊಂಡದ್ದು 1922ರ ಆಸ್ತಿ ಕಾನೂನಿನ ಅಡಿಯಲ್ಲಿ, 1926ರ ಜನವರಿ 1ರಂದು.